ಊರು ಎಡಗೈಗೆ

ಅವರ ಅಂತ್ಯಕ್ರಿಯೆಯನ್ನು ನಾನು ನೋಡಿದ್ದು ಮಿಷಿಗನ್ನಿನ ವಿಕ್ಸಮ್‌ನ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಸ್ಟಿಯರಿಂಗಿಗೆ ಫೋನು ಒರಗಿಸಿಕೊಂಡು. ಶಿಕಾಗೋ ಕಡೆಯ ಫ್ಯೂನರಲ್ ಹೋಮಿನವರು ಲಿಂಕ್ ಕಳಿಸಿದ್ದರು. ಕ್ಯಾಮೆರಾವನ್ನು ಯಾರೋ ಎತ್ತರದಲ್ಲಿ ಕೂರಿಸಿ ಮರೆತುಬಿಟ್ಟಂತಿತ್ತು. ಪೆಟ್ಟಿಗೆಯ ಒಂದು ತುದಿ, ಕಂದು ಕಾರ್ಪೆಟ್ಟು, ಅವರ ಮೈದುನರ ಪಂಚೆಯ ಅಂಚು, ಇಷ್ಟೇ ಕಾಣುತ್ತಿದ್ದದ್ದು. ಮಂತ್ರದ ದನಿ ಬರುತ್ತಿತ್ತು, ಹೋಗುತ್ತಿತ್ತು. ಲಂಚಿಗೆ ಹೊರಟ ಸಹೋದ್ಯೋಗಿಯೊಬ್ಬ ಕಿಟಕಿ ತಟ್ಟಿ, ಎಲ್ಲ ಸರಿಯಿದೆಯಾ ಎಂದು ಕೇಳಿದ. ಸರಿಯಿದೆ ಎಂದೆ. ಇಂಗ್ಲಿಷಿನಲ್ಲಿ ಆ ಪ್ರಶ್ನೆಗೆ ಬೇರೆ ಉತ್ತರ ನನಗೆ ಇವತ್ತಿಗೂ ಬರುವುದಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ನಾನು ಅವರನ್ನು ಎಂದೂ ಕರೆದವಳೇ ಅಲ್ಲ. ಲಿವೋನಿಯಾದ ಲ್ಯಾಬಿನಲ್ಲಿ ಅವರು ನನ್ನ ಮ್ಯಾನೇಜರ್. ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರಿನಿಂದಲೇ ಕೂಗುತ್ತಿದ್ದರು. ನಾನು ಗದಗಿನವಳು, ಅವ್ವನ ವಯಸ್ಸಿನವರ ಹೆಸರು ಹಿಡಿಯಲು ನಾಲಿಗೆ ಏಳಲಿಲ್ಲ. ಮೊದಲ ವಾರ ಮೇಡಂ ಎಂದೆ.

"ಮೇಡಂ ಅಂದ್ರೆ ಬೆಂಚ್ ಮೇಲೆ ನಿಲ್ಲಿಸ್ತೀನಿ ನೋಡು" ಎಂದರು. ಮೈಸೂರಿನವರು. ನಾಲ್ಕು ದಶಕ ಮಿಷಿಗನ್ನಿನಲ್ಲಿದ್ದರೂ ಅಗ್ರಹಾರದ ಕನ್ನಡ ಹಾಗೇ ಉಳಿದಿತ್ತು.

"ಮತ್ತೇನನ್ಲಿರಿ? ಆಂಟಿ ಅನ್ಲಿ?"

"ಅನ್ನು. ಕಾನ್ಫರೆನ್ಸ್ ರೂಮಲ್ಲಿ ಮಾತ್ರ ಬೇಡ. ಉಳಿದವರೂ ಶುರು ಮಾಡ್ತಾರೆ."

ಉಳಿದವರೂ ಶುರು ಮಾಡಿದರು. ಟೂಲ್ ರೂಮಿನಲ್ಲಿ ಒಬ್ಬ ಹಿರಿಯ ಮೆಷಿನಿಸ್ಟ್ ಇದ್ದ, ಏಡ್ರಿಯಾಟಿಕ್ ಕಡಲ ತೀರದ ಡುಬ್ರೋವ್ನಿಕ್‌ನವನು. ಅವನಂತೂ ರಿಟೈರ್ ಆಗುವವರೆಗೂ ಅವರನ್ನು ಆಂಟಿ ಎಂದೇ ಕರೆದ. ವಯಸ್ಸಿನಲ್ಲಿ ಅವನೇ ದೊಡ್ಡವನು.

ನಮ್ಮದು ಕಾರಿನ ಬ್ರೇಕಿನ ಹೋಸುಗಳನ್ನು ಪರೀಕ್ಷಿಸುವ ಲ್ಯಾಬು. ಒತ್ತಡ ಏರಿಸುತ್ತ ಹೋಗಿ, ಪೈಪು ಎಲ್ಲಿ ಒಡೆಯುತ್ತದೆ ಎಂದು ನೋಡುವುದು. ನನ್ನ ಮೊದಲ ರಿವ್ಯೂ ಮೀಟಿಂಗಿನಲ್ಲಿ ಗಿರಾಕಿ ಕಂಪನಿಯ ಮೂವರು ಗಂಡಸರು ಕೂತಿದ್ದರು. ನಾನು "ಐ ಥಿಂಕ್", "ಮೇ ಬಿ", "ಸಾರಿ" ಎಂದು ಸುತ್ತುತ್ತಿದ್ದೆ. ಆಂಟಿ ಮೇಜಿನ ಆ ಕಡೆಯಿಂದ, ಲ್ಯಾಪ್‌ಟಾಪಿನಿಂದ ತಲೆಯೆತ್ತದೆ, ಕನ್ನಡದಲ್ಲಿ ಕೇಳಿದರು:

"ಒಡೆದಿದೆಯೋ ಇಲ್ವೋ?"

"ಒಡದೈತ್ರಿ."

"ಅಷ್ಟೇ ಹೇಳು ಅವರಿಗೆ."

ಅಷ್ಟೇ ಹೇಳಿದೆ. ಮೂವರೂ ಬರೆದುಕೊಂಡರು. ಆ ದಿನದಿಂದ ನನ್ನ ಕೆಲಸ ನನ್ನದಾಯಿತು.

ನಮ್ಮಪ್ಪ ಗದಗಿನ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಅರಳೆ ಅಂಡಿಗೆ ಹೊರುತ್ತಿದ್ದ. ಅವ್ವ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ನಮ್ಮ ಎರಡೂ ಕಡೆಯ ಬಳಗದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಡಿಪ್ಲೊಮಾ ಮಾಡಿ, ದುಡಿಯುತ್ತ ಬಿ.ಇ. ಮುಗಿಸಿದವಳು. ಸರ್ಟಿಫಿಕೇಟು ಮನೆಗೆ ಬಂದಾಗ ಅಪ್ಪ ಕೈತೊಳೆದುಕೊಂಡು ಬಂದು ಅದನ್ನು ಮುಟ್ಟಿದ. ಇದನ್ನೆಲ್ಲ ಒಂದು ಸಲ ಅವರಿಗೆ ಹೇಳಿದ್ದೆ. ಪೂರ್ತಿ ಕೇಳಿ, "ಒಳ್ಳೇ ವಿಷಯ. ಸಣ್ಣ ದನೀಲಿ ಯಾಕೆ ಹೇಳ್ತಿದೀಯಾ?" ಎಂದರು. ನಾನಿದನ್ನು ಈಗ ದೊಡ್ಡ ದನಿಯಲ್ಲೇ ಹೇಳುತ್ತೇನೆ. ಕೆಲವರಿಗೆ ಜಂಬ ಎನಿಸುತ್ತದೆ. ಎನಿಸಲಿ.

ಲಂಚ್ ಹೊತ್ತಿನಲ್ಲಿ ಅವರು ಕಟ್ಟಡದ ಸುತ್ತ ನಡೆಯುತ್ತಿದ್ದರು. ಫ್ಯಾರನ್‌ಹೀಟಿನ ಹತ್ತು ಡಿಗ್ರಿ, ನೀರು ಕಲ್ಲಾಗುವ ಚಳಿಯಲ್ಲೂ ಉದ್ದ ಕೋಟು, ಮಂಕಿ ಕ್ಯಾಪು ಹಾಕಿಕೊಂಡು ಹೊರಟೇಬಿಡುತ್ತಿದ್ದರು. ಯಾವಾಗಲೂ ಕಟ್ಟಡ ಬಲಗಡೆಗೆ. "ಪ್ರದಕ್ಷಿಣಿ ಹಾಕಿದ್ರ ಬೋನಸ್ ಬರ್ತೈತೇನ್ರಿ ಆಂಟಿ?" ಎಂದರೆ, "ಲೇಆಫ್ ಬರದೇ ಇದ್ರೆ ಸಾಕು ಬಾರೆ" ಎನ್ನುತ್ತಿದ್ದರು. ದೇವರು ದಿಂಡರು ಎಂದು ಹೆಚ್ಚು ಹಚ್ಚಿಕೊಂಡವರಲ್ಲ. ಆದರೂ ಕೈಕಾಲಿಗೆ ಅಂಟಿದ ಅಭ್ಯಾಸ. ಸುತ್ತು ಬರುವುದೆಂದರೆ ಬಲಕ್ಕೇ.

ಮಕ್ಕಳಿರಲಿಲ್ಲ. ಕನ್ನಡ ಸಂಘದ ಯುಗಾದಿಯಲ್ಲಿ ಹೊಸದಾಗಿ ಬಂದವರು ಯಾರಾದರೂ, "ಮಕ್ಕಳೆಷ್ಟು ಆಂಟಿ ನಿಮಗೆ?" ಎಂದು ಕೇಳಿಯೇ ಕೇಳುತ್ತಿದ್ದರು. "ಹದಿನಾಲ್ಕು. ಎಲ್ಲಾ ಲ್ಯಾಬಲ್ಲಿದಾರೆ" ಎಂದು ತಟ್ಟೆಗೆ ಚಿತ್ರಾನ್ನ ಹಾಕಿಕೊಂಡು ಮುಂದೆ ಹೋಗುತ್ತಿದ್ದರು. ಕೇಳಿದವರಿಗೆ ನಗಬೇಕೋ ಬೇಡವೋ ತಿಳಿಯುತ್ತಿರಲಿಲ್ಲ.

ಅವರ ಯಜಮಾನರು ಕಿಡ್ನಿ ಡಾಕ್ಟರು. ಮಾತು ಬಹಳ ಕಡಿಮೆ. ಪ್ಲಿಮತ್‌ನ ಅವರ ಮನೆಗೆ ನಾನು ಎಷ್ಟು ಸಲ ಊಟಕ್ಕೆ ಹೋಗಿದ್ದೇನೋ. ಅವರು ನನ್ನೊಂದಿಗೆ ಆಡಿದ ಮಾತುಗಳನ್ನೆಲ್ಲ ಸೇರಿಸಿದರೂ ಒಂದು ಪುಟ ತುಂಬದು. ಆದರೆ ದೊಡ್ಡ ಹಿಮ ಬೀಳುವ ದಿನ ತಮ್ಮ ಕ್ಲಿನಿಕ್ ಮುಗಿಸಿ ನೇರ ನಮ್ಮ ಲ್ಯಾಬಿನ ಮುಂದೆ ಬಂದು ನಿಲ್ಲುತ್ತಿದ್ದರು. ಆಂಟಿ ತಮ್ಮ ಕಾರಿನಲ್ಲಿ ಮುಂದೆ, ಅವರು ತಮ್ಮ ಕಾರಿನಲ್ಲಿ ಹಿಂದೆ, ಹಜಾರ್ಡ್ ಲೈಟು ಮಿಣುಕಿಸುತ್ತ ಮನೆಯವರೆಗೆ. "ಒಂದ ಕಾರಿನ್ಯಾಗ ಹೋಗಬಾರ್ದೇನ್ರಿ?" ಎಂದು ನಾನು ಕೇಳಿದ್ದಕ್ಕೆ ಆಂಟಿ, "ಅವರು ಡ್ರೈವ್ ಮಾಡಿದ್ರೆ ನಾನು ಬಾಯಿ ಹಾಕ್ತೀನಿ. ನಾನು ಮಾಡಿದ್ರೆ ಅವರು ಕಣ್ಣು ಮುಚ್ಕೋತಾರೆ. ಇದೇ ವಾಸಿ" ಎಂದಿದ್ದರು.

ಯಜಮಾನರು ಹೋದದ್ದು ಒಂದು ಫೆಬ್ರವರಿಯಲ್ಲಿ, ತೀರಾ ಥಟ್ಟನೆ. ಶಿಕಾಗೋ ಕಡೆಯ ನೇಪರ್ವಿಲ್‌ನಿಂದ ಅವರ ತಮ್ಮ ಬಂದರು, ಅಂದರೆ ಆಂಟಿಯ ಮೈದುನರು. ಕರ್ಮ ಮಾಡುವವರು ಅವರೇ ಎಂದಾಯಿತು. ಮಣ್ಣಿನ ಮಡಕೆ ಬೇಕಲ್ಲ. ಆ ಚಳಿಯಲ್ಲಿ ಎಲ್ಲಿ ಸಿಗಬೇಕು? ನಾನೇ ಹುಡುಕಿ, ಗಾರ್ಡನ್ ಸಾಮಾನಿನ ಅಂಗಡಿಯಿಂದ ಒಂದು ಹೂಕುಂಡ ತಂದೆ. ಅದರ ತಳದಲ್ಲಿ ನೀರು ಬಸಿಯಲು ತೂತು ಮೊದಲೇ ಇತ್ತು. ಪುರೋಹಿತರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ನಡೆಯುತ್ತೆ" ಎಂದರು. ಆದರೆ ಫ್ಯೂನರಲ್ ಹೋಮಿನವರು ನೀರು ಬೇಡವೆಂದರು. ಕಾರ್ಪೆಟ್ಟು ನೆನೆಯುತ್ತದಂತೆ. ಹಾಗಾಗಿ ಖಾಲಿ ಕುಂಡವನ್ನೇ ಎಡ ಹೆಗಲಿನ ಮೇಲಿಟ್ಟುಕೊಂಡು ಮೈದುನರು ಪೆಟ್ಟಿಗೆಯನ್ನು ಅಪ್ರದಕ್ಷಿಣೆ ಸುತ್ತಿದರು. ಪೆಟ್ಟಿಗೆಗೂ ಗೋಡೆಗೂ ನಡುವೆ ಜಾಗವಿರಲಿಲ್ಲ. ಆ ಕಡೆ ಬಂದಾಗ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡಲಾಗಿ ಸರಿಯಬೇಕಾಗಿತ್ತು.

ಆಂಟಿ ನನ್ನ ಪಕ್ಕದ ಕುರ್ಚಿಯಲ್ಲಿದ್ದರು. ಸುತ್ತು ಮುಗಿದಾಗ ಎದ್ದು ನಿಂತರು.

"ನಾನೂ ಒಂದು ಸುತ್ತು ಬರ್ತೀನಿ" ಎಂದರು.

ಪುರೋಹಿತರು ಮೆಲ್ಲಗೆ, "ಅಮ್ಮಾ, ಹೆಂಗಸರು ಮಾಡೋ ಪದ್ಧತಿ ಇಲ್ಲ. ತಾವು ಹೂವು ಹಾಕಿ, ಸಾಕು" ಎಂದರು.

"ಒಂದೇ ಸುತ್ತು."

ಮೈದುನರು ಗಡಿಯಾರ ನೋಡಿಕೊಂಡು, "ಅತ್ತಿಗೆ, ಪ್ಲೀಸ್ ಕೂತ್ಕೊಳಿ. ನಮ್ಮ ಸ್ಲಾಟ್ ಮುಗೀತು. ಮುಂದಿನವರು ಆಚೆ ಕಾಯ್ತಿದಾರೆ" ಎಂದರು. ಕೆಟ್ಟವರಲ್ಲ ಅವರು. ಅಳುತ್ತಲೇ ಹೇಳಿದರು.

ಆಂಟಿ ಕೂತರು. ಮೂವರು ಗಂಡಸರೆದುರು "ಅಷ್ಟೇ ಹೇಳು" ಎಂದವರು ಇಬ್ಬರು ಗಂಡಸರ ಮಾತಿಗೆ ಕೂತರು. ಅವರ ಬದುಕಿನಲ್ಲಿ ಮಾಡಲಾಗದೆ ಉಳಿದದ್ದು ಬೇರೆ ಏನೇನಿತ್ತೋ ನಾನರಿಯೆ. ಆ ಒಂದು ಸುತ್ತು ಉಳಿದದ್ದನ್ನಂತೂ ಕಣ್ಣಾರೆ ಕಂಡೆ.

ಆಮೇಲಿನ ದಿನಗಳಲ್ಲಿ ಅವರು ಬದಲಾದರು ಎನ್ನಲಾರೆ. ಲ್ಯಾಬಿಗೆ ಬರುತ್ತಿದ್ದರು, ಫೇಲಾದದ್ದನ್ನು ಫೇಲ್ ಎನ್ನುತ್ತಿದ್ದರು. ಭಾನುವಾರ ಯಜಮಾನರ ಕಾರನ್ನು ಸ್ಟಾರ್ಟ್ ಮಾಡಿ ಸಬ್‌ಡಿವಿಷನ್ನಿನ, ಅಂದರೆ ತಮ್ಮ ಬಡಾವಣೆಯ, ಬೀದಿಗಳಲ್ಲಿ ಒಂದಿಷ್ಟು ಓಡಿಸಿ ಮತ್ತೆ ಗರಾಜಿಗೆ ತರುತ್ತಿದ್ದರು. ಬ್ಯಾಟರಿ ಕೂತುಬಿಡುತ್ತದೆ ಎಂದು ಕಾರಣ. ಸಂಘದ ಹೆಂಗಸರು ತಲೆ ಓರೆ ಮಾಡಿ ಮಾತಾಡಿಸತೊಡಗಿದ್ದರಿಂದ ಹಬ್ಬಗಳಿಗೆ ಬರುವುದನ್ನು ಬಿಟ್ಟರು. "ಎಲ್ಲರೂ ನನ್ನ ಹತ್ರ ಆಸ್ಪತ್ರೆ ದನೀಲಿ ಮಾತಾಡ್ತಾರೆ ಕಣೆ" ಎಂದರು. ಲಂಚಿನ ನಡಿಗೆ ಮಾತ್ರ ನಿಲ್ಲಲಿಲ್ಲ. ಒಂದೆರಡು ಸಲ ನಾನು ಕಿಟಕಿಯಿಂದ ನೋಡಿದೆ: ಬಾಗಿಲ ಹೊರಗೆ ಬಂದು ನಿಂತು, ಎಡಕ್ಕೆ ತಿರುಗಲು ಹೋಗಿ, ಮತ್ತೆ ಬಲಕ್ಕೇ ಹೊರಟರು.

ಮುಂದಿನ ವರ್ಷ ಮೆಷಿನಿಸ್ಟ್ ರಿಟೈರಾದ. ಕೇಕು ಕತ್ತರಿಸಿ ತನ್ನ ಊರಿನ ಚಿತ್ರಗಳನ್ನು ಫೋನಿನಲ್ಲಿ ತೋರಿಸುತ್ತಿದ್ದ. ಡುಬ್ರೋವ್ನಿಕ್ ಹಳೇ ಪಟ್ಟಣದ ಸುತ್ತ, ಸಮುದ್ರದಿಂದೆದ್ದು ನಿಂತ ಕಲ್ಲಿನ ಕೋಟೆ ಗೋಡೆ. ನೂರಾರು ವರ್ಷ ಹಿಂದಿನದು. ಅದರ ಮೇಲೆ ಹತ್ತಿ ಇಡೀ ಊರನ್ನು ಸುತ್ತಿ ಬರಬಹುದಂತೆ. ಆದರೆ ಒನ್ ವೇ. ಎದುರು ದಿಕ್ಕಿನಿಂದ ಯಾರನ್ನೂ ಬಿಡುವುದಿಲ್ಲ, ಬಂದರೆ ಕಾವಲಿನವರು ಕೂಗಿ ತಿರುಗಿಸುತ್ತಾರೆ ಎಂದು ನಗುತ್ತಿದ್ದ. ನಾವೆಲ್ಲ ವಾಹ್ ಎಂದು ಕೇಕು ತಿಂದೆವು. ಆಂಟಿ ಒಂದೇ ಪ್ರಶ್ನೆ ಕೇಳಿದರು: ನಡೆಯುವಾಗ ಊರು ಯಾವ ಕೈಗೆ ಬರುತ್ತದೆ?

ಅವನು ಕಣ್ಣುಮುಚ್ಚಿ, ಗಾಳಿಯಲ್ಲಿ ಕೈಯಾಡಿಸಿ ನೋಡಿಕೊಂಡು, "ಲೆಫ್ಟ್, ಆಂಟಿ" ಎಂದ.

ಆ ಸಂಜೆ ನನ್ನನ್ನು ಕಾರಿನ ಹತ್ತಿರ ನಿಲ್ಲಿಸಿ, "ಜೂನಲ್ಲಿ ರಜೆ ಹಾಕ್ತೀಯಾ? ಆ ಗೋಡೆಗೆ ಒಬ್ಬಳೇ ಹೋಗಿ ಮಂಡಿ ಕೈಕೊಟ್ರೆ ಕಷ್ಟ" ಎಂದರು. ಒಂದು ಮಂಡಿ ಆಪರೇಷನ್ ಆಗಿತ್ತು. ಮೆಟ್ಟಿಲು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದರು. ಮನೆಯಲ್ಲಿ ಹೇಳಿದಾಗ ನನ್ನ ಮಗಳು, "ವೈ ಈಸ್ ಶಿ ಟೇಕಿಂಗ್ ಯೂ ಅಂಡ್ ನಾಟ್ ಹರ್ ಫ್ಯಾಮಿಲಿ?" ಎಂದಳು. ಉತ್ತರ ನನಗೆ ತಿಳಿದಿತ್ತು. ರಜೆಯ ಅರ್ಜಿ ಬರೆದೆ.

ಡುಬ್ರೋವ್ನಿಕ್‌ನಿಂದ ಬಂದ ಮೇಲೆ ಅವರು ಪ್ಲಿಮತ್‌ನ ಮನೆ ಮಾರಿ, ಮೈದುನರ ಮನೆಗೆ ಹತ್ತಿರವಾಗುತ್ತದೆಂದು ನೇಪರ್ವಿಲ್‌ನ ಸೀನಿಯರ್ ಅಪಾರ್ಟ್‌ಮೆಂಟಿಗೆ ಹೋದರು. ನಾನು ವಿಕ್ಸಮ್‌ನಲ್ಲಿ ಬೇರೆ ಕೆಲಸ ಹಿಡಿದೆ. ಐದು ತಾಸಿನ ದಾರಿ. ಒಂದು ಸಲ ಹೋಗಿದ್ದೆ. ಕಾಫಿ ಮಾಡಿಕೊಟ್ಟು, "ಈಗ ಎಷ್ಟು ಜನ ನಿನ್ನ ಕೆಳಗೆ?" ಎಂದು ಕೇಳಿದರು. ಹೇಳಿದೆ. "ದೊಡ್ಡ ದನೀಲಿ ಹೇಳು" ಎಂದರು. ಆ ಭೇಟಿಯ ಬಗ್ಗೆ ಬರೆಯಲು ಬೇರೇನಿಲ್ಲ. ಅವರನ್ನು ನೆನೆದರೆ ನನಗೆ ಬರುವ ಚಿತ್ರ ಆ ಗೋಡೆಯ ಮೇಲಿನದು.

ಡುಬ್ರೋವ್ನಿಕ್‌ನಲ್ಲಿ ಆ ದಿನ ಫ್ಯಾರನ್‌ಹೀಟಿನಲ್ಲಿ ತೊಂಬತ್ತು ಡಿಗ್ರಿ ಬಿಸಿಲು. ಬೆಳಗಿನ ಹೊತ್ತಿಗೇ ಕ್ರೂಸ್ ಹಡಗುಗಳಿಂದ ಇಳಿದ ಜನ. ಕಡಿದಾದ ಮೆಟ್ಟಿಲು ಹತ್ತಿ ಗೋಡೆಯ ಮೇಲೆ ಕಾಲಿಟ್ಟಾಗ, ಯೋಚಿಸದೆ ನಾನು ಊರು ಬಲಕ್ಕೆ ಬರುವಂತೆ ತಿರುಗಿದೆ. ಕಾವಲಿನ ಹೆಂಗಸು ಕೂಗಿದಳು. ಅಲ್ಲಿಯವರೆಗೆ ದೇವಸ್ಥಾನ, ನಮ್ಮ ಲ್ಯಾಬು ಬಿಟ್ಟರೆ ಬೇರೇನನ್ನೂ ಸುತ್ತದ ಕಾಲುಗಳು ನನ್ನವು.

"ಆಂಟಿ, ಊರು ಎಡಕ್ಕ ಬರ್ತೈತ್ರಿ. ಉಲ್ಟಾ ಆಗ್ತೈತಿ" ಎಂದೆ. ಗೊತ್ತಿದ್ದರೂ ಬಾಯಿಂದ ಬಂದುಬಿಟ್ಟಿತು.

"ಅದಕ್ಕೇ ಅಲ್ವೇನೆ ಇಷ್ಟು ದೂರ ಬಂದಿರೋದು. ನಡಿ. ನೀನು ನನ್ನ ಹಿಂದಿರು. ಪೂರ್ತಿ ಸುತ್ತಬೇಕು. ನಡುವೆ ಇಳಿಸಬೇಡ."

ಬಲಕ್ಕೆ, ಬಹಳ ಕೆಳಗೆ, ಸಮುದ್ರ. ಎಡಕ್ಕೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಹೆಂಚಿನ ಮಾಡುಗಳು. ಬಹಳಷ್ಟು ಹೊಸ ಕಿತ್ತಳೆ ಬಣ್ಣದವು, ನಡುನಡುವೆ ಮಾಸಿದ ಹಳೆಯವು. ಯುದ್ಧದಲ್ಲಿ ಶೆಲ್ಲು ಬಿದ್ದು ಹೋದ ಮಾಡುಗಳಿಗೆ ಹೊಸ ಹೆಂಚು ಹೊದಿಸಿದ್ದಾರೆಂದು ಮೆಷಿನಿಸ್ಟ್ ಹೇಳಿದ್ದ. ಹಿತ್ತಿಲುಗಳಲ್ಲಿ ಬಟ್ಟೆ ಒಣಗುತ್ತಿದ್ದವು. ಆಂಟಿ ಮೌನವಾಗಿರುತ್ತಾರೆಂದುಕೊಂಡಿದ್ದೆ. ಅವರು ಮೌನದವರಲ್ಲ.

"ನೋಡೇ, ಎಷ್ಟು ಚೆನ್ನಾಗಿ ಒಣಗಿಹಾಕಿದಾರೆ. ನಮ್ಮ ಸಬ್‌ಡಿವಿಷನ್ನಲ್ಲಾಗಿದ್ರೆ ಅಸೋಸಿಯೇಷನ್ನವರು ನೋಟಿಸ್ ಅಂಟಿಸಿರ್ತಿದ್ರು."

ಸ್ವಲ್ಪ ಹೊತ್ತಿನ ಮೇಲೆ ನಾನು ಕೇಳಿದೆ. ಕೇಳಬಾರದೆಂದುಕೊಂಡದ್ದೇ. "ಎಡಸುತ್ತು ಬರಾಕ ನಮ್ಮ ಲ್ಯಾಬೇ ಸಾಕಿತ್ತಲ್ರಿ ಆಂಟಿ?"

ಅವರು ಗೋಡೆಯ ಅಂಚಿಗೆ ಕೈಯೂರಿ ನಿಂತರು. "ಟ್ರೈ ಮಾಡ್ದೆ. ಆಗ್ಲಿಲ್ಲ. ಅಲ್ಲಿ ಉಲ್ಟಾ ಹೋಗೋಳು ನಾನೊಬ್ಬಳೇ. ಕಾಲು ಕೇಳ್ತಿರ್ಲಿಲ್ಲ. ಇಲ್ಲಿ ನೋಡು," ಎಂದು ಮುಂದೆ, ಹಿಂದೆ ಕೈತೋರಿಸಿದರು. ಬಿಳಿ ಟೋಪಿಗಳು, ಕ್ಯಾಮೆರಾಗಳು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ತಂದೆ, ಐಸ್‌ಕ್ರೀಮು ನೆಕ್ಕುತ್ತಿದ್ದ ದಂಪತಿ. "ಎಲ್ಲರೂ ಹೀಗೇ ಸುತ್ತುತಿದಾರೆ. ಹೀಗೆ ಹೋಗಬೇಡ ಅನ್ನೋರು ಯಾರೂ ಇಲ್ಲ. ಬಲಕ್ಕೆ ಹೋದ್ರೆ ಬೈತಾರೆ. ಅವತ್ತು ಅವರಿಗೆ ಬಂದಿದ್ದು ಇಪ್ಪತ್ತು ಜನ. ಇವತ್ತು ಎಷ್ಟು ಜನ ಬಂದಿದಾರೆ ನೋಡು."

ನನಗೆ ನಗು ಬಂತು. ಅವರು ಆಗಲೇ ಮುಂದೆ ಹೊರಟಿದ್ದರು.

ಬಂದರಿನ ಮೇಲಿನ ಕೊತ್ತಲ ತಲುಪುವಷ್ಟರಲ್ಲಿ ಮಂಡಿ ಬಾತಿತ್ತು. ಪ್ಯಾಂಟಿನ ಮೇಲಿನಿಂದಲೇ ತಿಳಿಯುತ್ತಿತ್ತು. ಅಲ್ಲಿ ಇಳಿಯಲು ಒಂದು ಬಾಗಿಲಿದೆ. ಇಳಿದರೆ ಅದೇ ಟಿಕೆಟಿನಲ್ಲಿ ಮತ್ತೆ ಹತ್ತುವಂತಿಲ್ಲ. ಅತಿ ಎತ್ತರದ ಗುಂಡು ಬುರುಜು ಇನ್ನೂ ಮುಂದಿತ್ತು. ಅಲ್ಲಿಗೆ ಬರೀ ಏರು.

"ಇಲ್ಲೇ ಇಳದ್ ಬಿಡೂಣ್ರಿ. ನಾಳಿ ಮತ್ತ ಬರೂಣು" ಎಂದೆ.

"ನಾಳೆ ಬಂದ್ರೆ ಮತ್ತೆ ಮೊದಲಿಂದ ಕಣೆ. ಅರ್ಧ ಸುತ್ತು ಅಂತ ಇಲ್ಲ ಇದರಲ್ಲಿ."

"ಕಾಲು ನೋಡ್ಕೊಳ್ರಿ, ಹೆಂಗಾಗೈತಿ. ನಿಮ್ಮ ಡಾಕ್ಟರು ನನ್ನ ಬೈತಾರ."

"ನನ್ನ ಡಾಕ್ಟರು ಬೈಯೋ ಸ್ಥಿತೀಲಿಲ್ಲ" ಎಂದರು. ಯಜಮಾನರನ್ನು ಅಂದದ್ದು. ಆಮೇಲೆ ತಾವೇ ಮೆತ್ತಗಾಗಿ, "ಸ್ಲಾಟ್ ಮುಗೀತು ಅನ್ನೋರು ಇಲ್ಲಿ ಯಾರಿದಾರೆ ಹೇಳು? ಕೂತ್ಕೊಂಡು ಕೂತ್ಕೊಂಡು ಹೋಗ್ತೀನಿ. ಸಂಜೆ ಆಗ್ಲಿ" ಎಂದರು.

ಹಾಗೇ ಹೋದರು. ನಾಲ್ಕು ಮೆಟ್ಟಿಲು ಹತ್ತುವುದು, ಕಲ್ಲಿನ ಮೇಲೆ ಕೂರುವುದು. ದಾರಿ ಕಿರಿದು, ಹಿಂದಿನವರು ನಿಲ್ಲುತ್ತಿದ್ದರು, ಪಕ್ಕಕ್ಕೆ ಸರಿದು ದಾಟುತ್ತಿದ್ದರು, ಕೆಲವರು ಆರ್ ಯೂ ಓಕೆ ಎನ್ನುತ್ತಿದ್ದರು. ಆಂಟಿ ಎಲ್ಲರಿಗೂ ಕೈಬೀಸುತ್ತಿದ್ದರು, ಮನೆಗೆ ಬಂದವರನ್ನು ಬೀಳ್ಕೊಡುವ ಹಾಗೆ. ಕೆಳಗೆ, ಗೋಡೆಗೆ ಒತ್ತಿಕೊಂಡ ಅಂಗಳದಲ್ಲಿ ಯಾರೋ ಬಾಸ್ಕೆಟ್‌ಬಾಲ್ ಆಡುತ್ತಿದ್ದರು. ಬುರುಜಿನ ತುದಿಯಲ್ಲಿ ಫೋಟೋ ತೆಗೆಯಲೇ ಎಂದೆ. ಬೇಡವೆಂದರು.

ಬುರುಜಿನಿಂದ ಆಚೆ ಇಳಿಜಾರು. ಅಲ್ಲಿ ನಿಂತು ನನ್ನ ಕೈಯಿಂದ ನೀರಿನ ಬಾಟಲಿ ಕೇಳಿದರು. ಕುಡಿಯಲೆಂದುಕೊಂಡೆ. ಮುಚ್ಚಳ ಸಡಿಲಿಸಿ, ಎಡ ಹೆಗಲಿನ ಮೇಲೆ ಮಲಗಿಸಿಟ್ಟು, ಒಂದು ಕೈಯಿಂದ ಅದನ್ನೂ ಇನ್ನೊಂದರಿಂದ ಕಂಬಿಯನ್ನೂ ಹಿಡಿದು ಹೊರಟರು. ನೀರು ಸಣ್ಣಗೆ ಅವರ ಬೆನ್ನಿನ ಮೇಲೆ ಇಳಿದು ಕಲ್ಲಿಗೆ ಬೀಳುತ್ತಿತ್ತು. ಬಿಸಿಲಿಗೆ ಕಲ್ಲು ಕೂಡಲೇ ಒಣಗುತ್ತಿತ್ತು.

ಪಕ್ಕದಲ್ಲಿ ದಾಟುತ್ತಿದ್ದ ಒಬ್ಬ, ಅಮೆರಿಕನ್ನನೇ ಇರಬೇಕು, "ಮ್ಯಾಮ್, ಯುವರ್ ಬಾಟಲ್ ಈಸ್ ಲೀಕಿಂಗ್" ಎಂದ.

"ಐ ನೋ" ಎಂದರು ಆಂಟಿ. "ಥ್ಯಾಂಕ್ಯೂ."

ನಾನು ಹಿಂದೆ ನಡೆದೆ. ನಮ್ಮಿಬ್ಬರ ನಡುವೆ ಆ ಒದ್ದೆ ಗೆರೆಯಷ್ಟೇ ದೂರ. ಹತ್ತಿದ ಜಾಗ ಮತ್ತೆ ಕಂಡಿತು. ಅದೇ ಕಾವಲಿನ ಹೆಂಗಸು, ಕುರ್ಚಿಯಲ್ಲಿ ಕೂತು ಹಣ್ಣು ಸುಲಿಯುತ್ತಿದ್ದಳು. ಅಲ್ಲಿಗೆ ಸುತ್ತು ಕೂಡಿತು. ಆಂಟಿ ಒಂದು ಕ್ಷಣ ನಿಂತರು. ಬಾಟಲಿಯನ್ನು ಹೆಗಲಿನಿಂದ ಹಾಗೇ ಹಿಂದಕ್ಕೆ ಬಿಟ್ಟರು. ಅದು ನನ್ನ ಕಾಲಬಳಿ ಬಿದ್ದು ಟೊಳ್ಳಾಗಿ ಸದ್ದು ಮಾಡುತ್ತ ಉರುಳಿತು. ಹೆಂಗಸು ಏನೋ ಕೂಗಿದಳು. ಅಲ್ಲಿ ಕಸ ಹಾಕುವಂತಿಲ್ಲ. ನಾನು ಬಗ್ಗಿ ಎತ್ತಿಕೊಂಡೆ.

ತಲೆಯೆತ್ತುವಷ್ಟರಲ್ಲಿ ಅವರು ಮೆಟ್ಟಿಲಿಳಿಯುತ್ತಿದ್ದರು. ಒಂದೊಂದಕ್ಕೂ ಎರಡೂ ಪಾದ ಊರಿ, ಗೋಡೆ ಹಿಡಿದು. ನಡುವೆ ಯಾವುದೋ ಟೂರಿನ ಗುಂಪು ನುಗ್ಗಿತು.

"ಆಂಟಿ!" ಎಂದೆ. "ನಿಲ್ರಿ, ನಾ ಬಂದೆ."

ಕೇಳಿಸಿತು. ಹೆಜ್ಜೆ ತಡೆದದ್ದು ಕಂಡಿತು. ಆಮೇಲೆ ಇನ್ನೊಂದು ಮೆಟ್ಟಿಲು ಇಳಿದರು, ಮತ್ತೊಂದು. ಮಡಕೆ ಬಿಟ್ಟವರು ತಿರುಗಿ ನೋಡಬಾರದು. ಅದು ಮೈಸೂರಿನಲ್ಲೂ ಅಷ್ಟೇ, ಗದಗಿನಲ್ಲೂ ಅಷ್ಟೇ. ನನಗೂ ಗೊತ್ತಿತ್ತು.

ಗೊತ್ತಿದ್ದೂ ಇನ್ನೊಮ್ಮೆ ಕೂಗಿದೆ.